ಹತ್ತಕ್ಕೆ ಎಷ್ಟು? ಆಲ್ಬಮ್‌ಗಳ ಬಗ್ಗೆ ಕೇಳುಗರ ತೀರ್ಪು ಅಳೆಯುವುದೇನನ್ನು

ಫ್ರಾನ್ಸಿನ ಎಲೆಕ್ಟ್ರಾನಿಕ್ ಸಂಗೀತದ ಜೋಡಿ ಡಾಫ್ಟ್ ಪಂಕ್ 2001ರಲ್ಲಿ ‘ಡಿಸ್ಕವರಿ’ ಎಂಬ ಆಲ್ಬಮ್ ಹೊರತಂದಾಗ, ಅಮೆರಿಕದ ಅಂತರ್ಜಾಲ ವಿಮರ್ಶಾ ಪತ್ರಿಕೆ ಪಿಚ್‌ಫೋರ್ಕ್ ಅದಕ್ಕೆ ಹತ್ತಕ್ಕೆ 6.4 ಅಂಕ ಕೊಟ್ಟಿತ್ತು. ಇಪ್ಪತ್ತು ವರ್ಷಗಳ ನಂತರ, 2021ರ ಅಕ್ಟೋಬರಿನಲ್ಲಿ, ಅದೇ ಪತ್ರಿಕೆ ತನ್ನ ಕೆಲವು ಹಳೆಯ ಅಂಕಗಳನ್ನು ತಾನೇ ಮರುಪರಿಶೀಲಿಸಿ ‘ಡಿಸ್ಕವರಿ’ಗೆ ಪೂರ್ಣ 10 ಕೊಟ್ಟಿತು. ಲಿಜ್ ಫೇರ್ ಎಂಬ ಗಾಯಕಿಯ 2003ರ ಆಲ್ಬಮ್‌ಗೆ ಮೊದಲು ಸಿಕ್ಕಿದ್ದು ಸೊನ್ನೆ. ಅದೂ ದಶಮಾಂಶ ಸಹಿತ, 0.0. ಅದು 6.0 ಆಯಿತು. ಗ್ರೈಮ್ಸ್ ಎಂಬ ಕಲಾವಿದೆಯ 2020ರ ಆಲ್ಬಮ್ ಎರಡು ವರ್ಷ ತುಂಬುವ ಮೊದಲೇ 8.2ರಿಂದ 6.9ಕ್ಕೆ ಇಳಿಯಿತು. ಈ ನಡುವೆ ಯಾವ ಆಲ್ಬಮ್‌ನ ಒಂದು ಸ್ವರವೂ ಬದಲಾಗಿರಲಿಲ್ಲ.

‘ನಾವು ಆಗಲೇ ಹೇಳಿರಲಿಲ್ಲವೇ’ ಎಂದು ಡಾಫ್ಟ್ ಪಂಕ್ ಅಭಿಮಾನಿಗಳು ಬೀಗಲು ಇದು ಒಳ್ಳೆಯ ಅವಕಾಶ. ಆದರೆ ಅವರ ಪಕ್ಷವೂ ಅಷ್ಟೇನೂ ಗಟ್ಟಿಯಾಗಿಲ್ಲ. 6.4 ತಪ್ಪಾಗಿತ್ತು ಎಂದರೆ 10 ಸರಿ ಎಂದಾಗುವುದಿಲ್ಲ. ಇಷ್ಟು ದೂರ ಸರಿಯಬಲ್ಲ ಮುಳ್ಳು ಅಳೆಯುತ್ತಿರುವುದಾದರೂ ಏನನ್ನು ಎಂಬ ಸಂಶಯ ಏಳಬೇಕು. ಆಲ್ಬಮ್‌ನ ಗುಣವನ್ನೇ? ಕೇಳಿದವರ ಆ ಕಾಲದ ಮನಸ್ಸನ್ನೇ? ಸುತ್ತಲಿನ ಗುಂಪನ್ನೇ?

ಈ ಪ್ರಶ್ನೆಗೆ ಈಗ ತುರ್ತು ಬಂದಿರುವುದಕ್ಕೆ ಕಾರಣವಿದೆ. ಹಿಂದೆ ಪತ್ರಿಕೆಗಳ ಕೆಲವೇ ವಿಮರ್ಶಕರು ಮಾಡುತ್ತಿದ್ದ ಕೆಲಸವನ್ನು ಇಂದು ಲಕ್ಷಾಂತರ ಕೇಳುಗರು ಮಾಡುತ್ತಾರೆ. 2015ರ ಜುಲೈನಿಂದ ಜಗತ್ತಿನ ಬಹುಪಾಲು ಮಾರುಕಟ್ಟೆಗಳಲ್ಲಿ ಹೊಸ ಆಲ್ಬಮ್‌ಗಳು ಶುಕ್ರವಾರವೇ ಬಿಡುಗಡೆಯಾಗುತ್ತವೆ. ಗುರುವಾರದ ನಡುರಾತ್ರಿ ಕಳೆಯುತ್ತಿದ್ದಂತೆ ಎಲ್ಲರೂ ಒಟ್ಟಿಗೆ ಕೇಳಲು ಕೂರುತ್ತಾರೆ. ಒಂದು ಗಂಟೆಯ ಆಲ್ಬಮ್‌ಗೆ ಒಂದು ಗಂಟೆ ಹತ್ತು ನಿಮಿಷದಲ್ಲಿ ತೀರ್ಪು ಬಂದಿರುತ್ತದೆ. ಮೇರುಕೃತಿ, ನಿರಾಸೆ, ‘ಇವರ ಕಥೆ ಮುಗಿಯಿತು’. ಬೆಳಗಾಗುವುದರೊಳಗೆ ಆ ತೀರ್ಪುಗಳ ಸರಾಸರಿಯೂ ಸಿದ್ಧ. ಆ ಸರಾಸರಿ ನೋಡಿಯೇ ಕೇಳಬೇಕೋ ಬೇಡವೋ ಎಂದು ನಿರ್ಧರಿಸುವವರ ಸಂಖ್ಯೆಯೂ ಸಣ್ಣದಲ್ಲ.

ನನ್ನ ವಾದ ಇಷ್ಟು. ಅಭಿಮಾನಿಯ ಅಭಿಪ್ರಾಯಕ್ಕೆ ಬೆಲೆಯಿದೆ, ಕೆಲವೊಮ್ಮೆ ವಿಮರ್ಶಕನ ಅಭಿಪ್ರಾಯಕ್ಕಿಂತ ಹೆಚ್ಚಿನ ಬೆಲೆಯಿದೆ. ಆದರೆ ಆ ಬೆಲೆ ಇರುವುದು ಅದರ ಹಿಂದಿನ ವಿವರದಲ್ಲಿ: ಏನನ್ನು ಹುಡುಕುತ್ತ ಕೇಳಿದೆ, ಎಷ್ಟು ಸಲ ಕೇಳಿದೆ, ಯಾವ ಕ್ಷಣದಲ್ಲಿ ಏನು ಸಿಕ್ಕಿತು. ಅಂಕ ಈ ವಿವರವನ್ನೆಲ್ಲ ಒರೆಸಿಹಾಕಿ ಒಂದು ಸಂಖ್ಯೆಯನ್ನು ಉಳಿಸುತ್ತದೆ. ‘ಅವರವರ ರುಚಿ ಅವರವರಿಗೆ’ ಎಂಬ ಮಾತು ಇನ್ನೊಂದು ಬಗೆಯಲ್ಲಿ ಅದನ್ನೇ ಮಾಡುತ್ತದೆ. ಜಗಳ ನಿಲ್ಲುತ್ತದೆ ನಿಜ, ಜೊತೆಗೆ ಮಾತೂ ನಿಂತುಹೋಗುತ್ತದೆ.

ಅಳತೆಗೋಲು ಒಂದೇ, ವಸ್ತು ಬೇರೆ ಬೇರೆ

ಆಲ್ಬಮ್ ಎಂಬ ಘಟಕವನ್ನು ಹುಟ್ಟಿಸಿದ್ದು ಸಂಗೀತಕ್ಕಿಂತ ಹೆಚ್ಚಾಗಿ ಯಂತ್ರ. ನಿಮಿಷಕ್ಕೆ 78 ಸುತ್ತು ತಿರುಗುವ ಹಳೆಯ ಗ್ರಾಮಫೋನ್ ತಟ್ಟೆಯ ಒಂದು ಬದಿಯಲ್ಲಿ ಮೂರರಿಂದ ಐದು ನಿಮಿಷದ ಸಂಗೀತ ಮಾತ್ರ ಹಿಡಿಯುತ್ತಿತ್ತು. 1948ರಲ್ಲಿ ಕೊಲಂಬಿಯಾ ಕಂಪನಿ ಎಲ್.ಪಿ. ತಟ್ಟೆಯನ್ನು ತಂದಾಗ ಒಂದು ಬದಿಗೆ ಇಪ್ಪತ್ತು ನಿಮಿಷಕ್ಕೂ ಮಿಕ್ಕಿ ಜಾಗ ಸಿಕ್ಕಿತು. ಎರಡು ಬದಿ ಸೇರಿ ನಲವತ್ತು ನಿಮಿಷ. 1960ರ ದಶಕದ ರಾಕ್ ತಂಡಗಳು ಈ ನಲವತ್ತು ನಿಮಿಷವನ್ನೇ ಒಂದು ಕಲಾರೂಪವನ್ನಾಗಿ ಬೆಳೆಸಿದವು: ಯಾವ ಹಾಡು ಮೊದಲು, ಯಾವುದು ಮೊದಲ ಬದಿಯ ಕೊನೆಗೆ, ತಟ್ಟೆ ತಿರುವಿದ ಮೇಲೆ ಏನು. ‘ಮೊದಲಿನಿಂದ ಕೊನೆಯವರೆಗೆ ಒಂದೇ ಓಟದಲ್ಲಿ ಕೇಳಬೇಕು’ ಎಂದು ರಾಕ್ ಅಭಿಮಾನಿ ಪಟ್ಟು ಹಿಡಿಯುವುದರ ಹಿಂದೆ ಈ ಇತಿಹಾಸವಿದೆ. 1982ರಲ್ಲಿ ಸಿ.ಡಿ. ಬಂದು ಜಾಗ ಎಪ್ಪತ್ತು ನಿಮಿಷ ದಾಟಿತು. ಆಲ್ಬಮ್‌ಗಳು ಉದ್ದವಾದವು, ಜಾಗ ತುಂಬಿಸಲು ಹಾಕಿದ ಹಾಡುಗಳ ಬಗ್ಗೆ ದೂರೂ ಬೆಳೆಯಿತು. ಸ್ಟ್ರೀಮಿಂಗ್‌ನಲ್ಲಿ ಗಡಿಯೇ ಇಲ್ಲ. 2021ರಲ್ಲಿ ಗಾಯಕಿ ಅಡೆಲ್ ತನ್ನ ಆಲ್ಬಮ್ ಬಿಡುಗಡೆಯ ವೇಳೆಗೆ ಸ್ಪಾಟಿಫೈ ಸಂಸ್ಥೆಯನ್ನು ಕೇಳಿಕೊಂಡದ್ದು ಒಂದು ಸಣ್ಣ ಸಂಗತಿ: ಆಲ್ಬಮ್ ಪುಟದಲ್ಲಿ ಹಾಡುಗಳನ್ನು ಕಲಸಿ ನುಡಿಸುವ ಗುಂಡಿಯನ್ನು ಮುಖ್ಯ ಗುಂಡಿಯಾಗಿ ಇಡಬೇಡಿ ಎಂದು. ಸಂಸ್ಥೆ ಒಪ್ಪಿತು. ಕ್ರಮ ಮುಖ್ಯವೆಂದು ನಂಬುವ ಸಂಗೀತಗಾರರು ಇನ್ನೂ ಇದ್ದಾರೆ.

ಆದರೆ ಎಲ್ಲ ಸಂಗೀತವೂ ಈ ನಲವತ್ತು ನಿಮಿಷದ ಚೌಕಟ್ಟಿನಲ್ಲಿ ಹುಟ್ಟಿದ್ದಲ್ಲ.

ಪಾಶ್ಚಾತ್ಯ ಶಾಸ್ತ್ರೀಯ ಸಂಗೀತವನ್ನೇ ನೋಡಿ. ಅಲ್ಲಿನ ರಸಿಕ ಕೃತಿಯ ಬಗ್ಗೆ ತೀರ್ಪು ಕೊಡುವುದು ಕಡಿಮೆ. ಬಾಖ್ ಒಳ್ಳೆಯ ಸಂಯೋಜಕನೇ ಎಂದು ಯಾರೂ ಅಂಕ ಹಾಕುತ್ತ ಕೂರುವುದಿಲ್ಲ. ಅವನ ವಾದವೆಲ್ಲ ನುಡಿಸಿದ ಬಗೆಯ ಮೇಲೆ. ಕೆನಡಾದ ಪಿಯಾನೋ ವಾದಕ ಗ್ಲೆನ್ ಗೌಲ್ಡ್ ಬಾಖ್‌ನ ‘ಗೋಲ್ಡ್‌ಬರ್ಗ್ ವೇರಿಯೇಶನ್ಸ್’ ಕೃತಿಯನ್ನು 1955ರಲ್ಲಿ ಧ್ವನಿಮುದ್ರಿಸಿದಾಗ ಅದು ಮೂವತ್ತೆಂಟು ನಿಮಿಷದ ಬಿರುಗಾಳಿಯಾಗಿತ್ತು. 1981ರಲ್ಲಿ ಅವನೇ ಮತ್ತೆ ಮುದ್ರಿಸಿದಾಗ ಐವತ್ತೊಂದು ನಿಮಿಷ ಹಿಡಿಯಿತು. ಯೌವನದ ಗೌಲ್ಡ್ ಮೇಲೋ, ಮಾಗಿದ ಗೌಲ್ಡ್ ಮೇಲೋ ಎಂಬ ವಾದ ಇಂದಿಗೂ ಮುಗಿದಿಲ್ಲ. ಆ ವಾದದಲ್ಲಿ ಬೀಳುವ ಮಾತುಗಳು ಎಷ್ಟು ನಿಖರವಾಗಿರುತ್ತವೆ ಎಂಬುದನ್ನು ಗಮನಿಸಬೇಕು. ಗತಿ ನಿಧಾನವಾದದ್ದು ನಿಜ, ಜೊತೆಗೆ ಮೊದಲ ಸಲ ಬಿಟ್ಟುಬಿಟ್ಟಿದ್ದ ಕೆಲವು ಪುನರಾವರ್ತನೆಗಳನ್ನು ಎರಡನೆಯ ಸಲ ನುಡಿಸಿದ್ದಾನೆ, ಹಾಗಾಗಿ ಹದಿಮೂರು ನಿಮಿಷದ ಅಂತರವನ್ನೆಲ್ಲ ಗತಿಯ ಲೆಕ್ಕಕ್ಕೆ ಬರೆಯಲಾಗದು ಎಂದು ತಿದ್ದುವವರು ಸಾಮಾನ್ಯ ಕೇಳುಗರೇ.

ಹಿಂದೂಸ್ತಾನಿ ಸಂಗೀತದಲ್ಲಿ ಘಟಕ ಇನ್ನೂ ಬೇರೆ. ಇಲ್ಲಿ ಧ್ವನಿಮುದ್ರಿಕೆ ಎಂಬುದು ಒಂದು ದಿನದ, ಒಂದು ಮನಃಸ್ಥಿತಿಯ ದಾಖಲೆ ಮಾತ್ರ. ಅದೇ ರಾಗವನ್ನು ಅದೇ ಗಾಯಕರು ಮರುವಾರ ಬೇರೆಯಾಗಿ ಹಾಡಿರುತ್ತಾರೆ. ಅಭಿಪ್ರಾಯದ ಬೇರು ಘರಾಣೆಯಲ್ಲಿ, ಎಂದರೆ ಗಾಯನದ ಗುರುಪರಂಪರೆಯಲ್ಲಿ, ಇರುತ್ತದೆ. ಒಂದೊಂದೇ ಸ್ವರವನ್ನು ಬಿಡಿಸುತ್ತ, ರಾಗವನ್ನು ಆರಾಮವಾಗಿ ಬೆಳೆಸುವ ಕಿರಾನಾ ಶೈಲಿಗೆ ಮನಸೋತವರಿಗೆ ಭೀಮಸೇನ ಜೋಶಿಯವರ ಷಡ್ಜವೊಂದೇ ಸಾಕು. ಅಪ್ರಚಲಿತ ರಾಗಗಳು, ಜೋಡುರಾಗಗಳು, ಲಯದೊಳಗೇ ಸುತ್ತಿ ಸುಳಿಯುವ ತಾನುಗಳು ಬೇಕೆನ್ನುವವರು ಜೈಪುರ-ಅತ್ರೌಲಿಯ ಮಲ್ಲಿಕಾರ್ಜುನ ಮನ್ಸೂರರ ಬಳಿಗೆ ಹೋಗುತ್ತಾರೆ. ಮೊದಲನೆಯವರ ದೃಷ್ಟಿಯಲ್ಲಿ ಎರಡನೆಯವರದು ಲೆಕ್ಕಾಚಾರ. ಎರಡನೆಯವರ ದೃಷ್ಟಿಯಲ್ಲಿ ಮೊದಲನೆಯವರದು ಕಂಠಮೋಹ. ಇಬ್ಬರ ಮಾತಿನಲ್ಲೂ ಅನ್ಯಾಯವಿದೆ, ಆದರೆ ಇಬ್ಬರಿಗೂ ತಾವು ಏನನ್ನು ಹುಡುಕುತ್ತಿದ್ದೇವೆ ಎಂಬುದು ಗೊತ್ತು. ಇಬ್ಬರು ಗಾಯಕರಿಗೂ ಹತ್ತಕ್ಕೆ ಇಷ್ಟು ಎಂದು ಬರೆದರೆ ಆ ತಿಳಿವಳಿಕೆಯೆಲ್ಲ ಎಲ್ಲಿ ಹೋಗಬೇಕು?

ಜಾಝ್‌ನಲ್ಲಿ ಕೇಳುಗ ಕಾಯುವುದು ಆ ಕ್ಷಣದಲ್ಲಿ ಹುಟ್ಟುವ ಮನೋಧರ್ಮಕ್ಕೆ. ಮೈಲ್ಸ್ ಡೇವಿಸ್‌ನ ‘ಕೈಂಡ್ ಆಫ್ ಬ್ಲೂ’ 1959ರ ಮಾರ್ಚ್ 2 ಮತ್ತು ಏಪ್ರಿಲ್ 22ರಂದು, ಎರಡೇ ದಿನಗಳಲ್ಲಿ, ವಾದಕರ ಕೈಗೆ ಸ್ಥೂಲ ರೇಖೆಗಳನ್ನಷ್ಟೇ ಕೊಟ್ಟು ಮುದ್ರಿಸಿದ ಆಲ್ಬಮ್. ‘ಹಾಡು ಎಲ್ಲಿಗೂ ಹೋಗುವುದಿಲ್ಲ’ ಎಂದು ಪಾಪ್ ಕೇಳುಗ ಅದರ ಬಗ್ಗೆ ದೂರಿದರೆ ಅವನು ಪಲ್ಲವಿಗಾಗಿ ಕಾಯುತ್ತಿದ್ದಾನೆ ಎಂದರ್ಥ. ನೃತ್ಯಕ್ಕಾಗಿ ಮಾಡಿದ ಎಲೆಕ್ಟ್ರಾನಿಕ್ ಸಂಗೀತದ ಬಗ್ಗೆ ‘ಅದೇ ಅದೇ ತಿರುಗುತ್ತದೆ’ ಎಂಬ ದೂರೂ ಇದೇ ಜಾತಿಯದು. ತಿರುಗುವುದೇ ಅದರ ಉದ್ದೇಶ. ಎಂಟನೆಯ ಆವರ್ತನದಲ್ಲಿ ಒಂದು ತಾಳವಾದ್ಯ ಸದ್ದಿಲ್ಲದೆ ಸೇರಿಕೊಂಡಾಗ ಮೈ ಗುರುತಿಸುತ್ತದೆ, ಕುರ್ಚಿಯಲ್ಲಿ ಕುಳಿತ ಕಿವಿಗೆ ಅದು ತಿಳಿಯದೇ ಹೋಗಬಹುದು.

ಎಲ್ಲಕ್ಕಿಂತ ವಿಚಿತ್ರವಾದ ಉದಾಹರಣೆ ನಾರ್ವೆಯ ಬ್ಲ್ಯಾಕ್ ಮೆಟಲ್ ಎಂಬ ಉಗ್ರ ರಾಕ್ ಪ್ರಕಾರ. 1990ರ ದಶಕದ ಆರಂಭದಲ್ಲಿ ಡಾರ್ಕ್‌ಥ್ರೋನ್‌ನಂಥ ತಂಡಗಳು ಬೇಕೆಂದೇ ಒರಟಾದ, ಗೊರಗೊರ ಎನ್ನುವ, ಅಗ್ಗದ ಉಪಕರಣದಲ್ಲಿ ಹಿಡಿದಂತಿರುವ ಧ್ವನಿಯಲ್ಲಿ ಆಲ್ಬಮ್ ಮಾಡಿದವು. ಆ ಕಾಲದ ನಯಗೊಳಿಸಿದ ಮೆಟಲ್‌ಗೆ ಅದೊಂದು ಪ್ರತಿಭಟನೆ. ಬೇರೆ ಯಾವ ಪ್ರಕಾರದ ಕೇಳುಗನಿಗೂ ಅದು ಕೆಟ್ಟ ಧ್ವನಿಮುದ್ರಣ. ಆ ಪ್ರಕಾರದ ಅಭಿಮಾನಿಗೆ ಧ್ವನಿ ಚೊಕ್ಕಟವಾದ ದಿನವೇ ತಂಡ ಕೆಟ್ಟಿತು. ಒಂದೇ ಗುಣ, ಒಬ್ಬರ ಪಟ್ಟಿಯಲ್ಲಿ ದೋಷ, ಇನ್ನೊಬ್ಬರ ಪಟ್ಟಿಯಲ್ಲಿ ಅರ್ಹತೆ. ಎಲ್ಲ ಪ್ರಕಾರಗಳ ಆಲ್ಬಮ್‌ಗಳನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿ ‘ಸಾರ್ವಕಾಲಿಕ ಶ್ರೇಷ್ಠ’ ಎಂದು ಕ್ರಮಾಂಕ ಕೊಡುವ ಪಟ್ಟಿಗಳು ಈ ತೊಡಕನ್ನು ಮರೆತು ಮುಂದೆ ಹೋಗುತ್ತವೆ. ರೋಲಿಂಗ್ ಸ್ಟೋನ್ ಪತ್ರಿಕೆಯ ಐನೂರು ಆಲ್ಬಮ್‌ಗಳ ಪಟ್ಟಿಯಲ್ಲಿ 2003ರಲ್ಲಿ ಮೊದಲ ಸ್ಥಾನ ಬೀಟಲ್ಸ್ ತಂಡದ ‘ಸಾರ್ಜೆಂಟ್ ಪೆಪ್ಪರ್ಸ್’ಗೆ. 2020ರಲ್ಲಿ ಹೊಸಬರು ಸೇರಿ ಹೊಸದಾಗಿ ಮತ ಹಾಕಿದಾಗ ಅದು ಇಪ್ಪತ್ತನಾಲ್ಕನೆಯ ಸ್ಥಾನಕ್ಕೆ ಹೋಯಿತು, ಮಾರ್ವಿನ್ ಗೇಯ ‘ವಾಟ್ಸ್ ಗೋಯಿಂಗ್ ಆನ್’ ತುದಿಗೇರಿತು. ಇದರಲ್ಲಿ ಹಗರಣವೇನೂ ಇಲ್ಲ. ಮತದಾರರು ಬದಲಾದರು, ಫಲಿತಾಂಶ ಬದಲಾಯಿತು. ಚುನಾವಣೆಯಲ್ಲೂ ಹೀಗೆಯೇ ಆಗುತ್ತದೆ. ಅದನ್ನು ಯಾರೂ ವಿಜ್ಞಾನ ಎನ್ನುವುದಿಲ್ಲ.

ಯಾವ ವಯಸ್ಸಿನ ಕಿವಿ

ಪ್ರಕಾರ ಒಂದೇ ಆದರೂ ಕೇಳುಗರು ಬೇರೆ ಬೇರೆ ದಿಕ್ಕಿಗೆ ಎಳೆಯುವುದಕ್ಕೆ ದೊಡ್ಡ ಕಾರಣ ವಯಸ್ಸು. ಮಾರುಕಟ್ಟೆ ಸಂಶೋಧಕರಾದ ಹೋಲ್‌ಬ್ರೂಕ್ ಮತ್ತು ಶಿಂಡ್ಲರ್ 1989ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಬೇರೆ ಬೇರೆ ದಶಕಗಳ ಜನಪ್ರಿಯ ಹಾಡುಗಳನ್ನು ಬೇರೆ ಬೇರೆ ವಯಸ್ಸಿನವರಿಗೆ ಕೇಳಿಸಿದರು. ಇಪ್ಪತ್ತಮೂರು, ಇಪ್ಪತ್ತನಾಲ್ಕರ ಆಸುಪಾಸಿನಲ್ಲಿ ಇದ್ದಾಗ ಜನಪ್ರಿಯವಾಗಿದ್ದ ಹಾಡುಗಳನ್ನು ಜನ ಅತಿ ಹೆಚ್ಚು ಮೆಚ್ಚುತ್ತಾರೆ ಎಂಬುದು ಅವರಿಗೆ ಕಂಡ ಚಿತ್ರ. ಅಲ್ಲಿಂದ ಎರಡೂ ಕಡೆಗೆ ಮೆಚ್ಚುಗೆ ಇಳಿಯುತ್ತದೆ. ‘ನಮ್ಮ ಕಾಲದ ಸಂಗೀತದ ಮುಂದೆ ಈಗಿನದು ಏನೂ ಅಲ್ಲ’ ಎಂಬ ಮಾತು ಪ್ರತಿ ತಲೆಮಾರಿನಲ್ಲೂ ಅಷ್ಟೇ ಪ್ರಾಮಾಣಿಕವಾಗಿ ಕೇಳಿಬರುವುದರ ಗುಟ್ಟು ಬಹುಶಃ ಇಲ್ಲಿದೆ.

2013ರಲ್ಲಿ ಕ್ರುಮ್‌ಹಾನ್ಸಲ್ ಮತ್ತು ಜುಪ್ನಿಕ್ ಎಂಬ ಸಂಶೋಧಕರು ಇದಕ್ಕೊಂದು ಚೆಂದದ ತಿರುವು ಕೊಟ್ಟರು. ಕಾಲೇಜು ವಯಸ್ಸಿನವರಿಗೆ ಐದು ದಶಕಗಳ ಹಾಡು ಕೇಳಿಸಿದಾಗ ಆ ಯುವಕರ ಮೆಚ್ಚುಗೆ, ನೆನಪು ತಮ್ಮ ಕಾಲದ ಹಾಡುಗಳಲ್ಲಿ ಮಾತ್ರವಲ್ಲದೆ ತಂದೆತಾಯಿಗಳು ಅದೇ ವಯಸ್ಸಿನಲ್ಲಿದ್ದ ಕಾಲದ ಹಾಡುಗಳಲ್ಲೂ ಎದ್ದು ಕಂಡಿತು. ಮನೆಯಲ್ಲಿ ನುಡಿಯುತ್ತಿದ್ದ ಸಂಗೀತ ಮಗುವಿನ ಕಿವಿಯಲ್ಲಿ ಕುಳಿತಿರುತ್ತದೆ. ಮತ್ತೆ ಮತ್ತೆ ಎದುರಾದದ್ದರ ಮೇಲೆ ಒಲವು ಬೆಳೆಯುತ್ತದೆ ಎಂದು ಮನೋವಿಜ್ಞಾನಿ ರಾಬರ್ಟ್ ಜಯಾಂಕ್ 1968ರಷ್ಟು ಹಿಂದೆಯೇ ತೋರಿಸಿದ್ದ. ಸಂಗೀತದಲ್ಲಿ ಈ ನಿಯಮ ವಿಶೇಷವಾಗಿ ಪ್ರಬಲ. ಕಠಿಣವಾದ ಆಲ್ಬಮ್ ಮೊದಲ ಸಲ ಗದ್ದಲವಾಗಿ ಕೇಳಿಸಿ ಐದನೆಯ ಸಲಕ್ಕೆ ಆಕಾರ ಪಡೆಯುವುದು, ಸುಲಭವಾದದ್ದು ಮೊದಲ ದಿನ ಸಿಹಿಯಾಗಿ ತಿಂಗಳಲ್ಲಿ ಸಪ್ಪೆಯಾಗುವುದು, ಇವೆರಡನ್ನೂ ಅನುಭವಿಸದ ಕೇಳುಗರಿಲ್ಲ. ಹಾಗಿದ್ದೂ ಬಿಡುಗಡೆಯ ರಾತ್ರಿಯ ತೀರ್ಪಿಗೆ ನಾವು ಎಷ್ಟು ಮರ್ಯಾದೆ ಕೊಡುತ್ತೇವೆ ನೋಡಿ. ಆ ರಾತ್ರಿ ಗೆಲ್ಲುವುದು ಸುಲಭವಾದದ್ದೇ.

ಹಣದ ಲೆಕ್ಕವೂ ಇದಕ್ಕೆ ಒತ್ತಾಸೆ. ಸ್ಪಾಟಿಫೈಯಲ್ಲಿ ಒಂದು ಹಾಡು ಮೂವತ್ತು ಸೆಕೆಂಡು ನುಡಿದರೆ ಮಾತ್ರ ಒಂದು ಕೇಳಿಕೆಯಾಗಿ ಎಣಿಕೆಗೆ ಬರುತ್ತದೆ. ನಾಲ್ಕು ನಿಮಿಷ ಮೆಲ್ಲಗೆ ಏರುವ ಹಾಡು ಅಷ್ಟರಲ್ಲಿ ಇನ್ನೂ ಬಾಗಿಲನ್ನೇ ತೆರೆದಿರುವುದಿಲ್ಲ.

ಪಕ್ಕದವರು ಕೇಳಿದರೆಂದು

ಕಿವಿ ನಮ್ಮದೇ ಆದರೂ ತೀರ್ಪು ಎಷ್ಟು ನಮ್ಮದು? ಈ ಬಗ್ಗೆ ನನಗೆ ತಿಳಿದ ಅತ್ಯುತ್ತಮ ಪ್ರಯೋಗವನ್ನು ಸಾಲ್ಗಾನಿಕ್, ಡಾಡ್ಸ್ ಮತ್ತು ವಾಟ್ಸ್ ಎಂಬ ಸಮಾಜವಿಜ್ಞಾನಿಗಳು 2006ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಹದಿನಾಲ್ಕು ಸಾವಿರಕ್ಕೂ ಹೆಚ್ಚು ಜನರಿಗೆ, ಹೆಸರೇ ಕೇಳಿರದ ತಂಡಗಳ ನಲವತ್ತೆಂಟು ಹಾಡುಗಳನ್ನು ಕೊಟ್ಟರು. ಕೇಳಬಹುದು, ಅಂಕ ಕೊಡಬಹುದು, ಬೇಕಾದರೆ ಇಳಿಸಿಕೊಳ್ಳಬಹುದು. ಒಂದು ಗುಂಪಿಗೆ ಇತರರು ಏನು ಮಾಡಿದರೆಂಬುದು ಕಾಣುತ್ತಿರಲಿಲ್ಲ. ಉಳಿದವರನ್ನು ಎಂಟು ಬೇರೆ ಬೇರೆ ‘ಲೋಕ’ಗಳಾಗಿ ಹಂಚಿ, ಆಯಾ ಲೋಕದಲ್ಲಿ ಯಾವ ಹಾಡನ್ನು ಎಷ್ಟು ಜನ ಇಳಿಸಿಕೊಂಡರು ಎಂಬುದನ್ನು ತೋರಿಸಿದರು.

ಇತರರ ಆಯ್ಕೆ ಕಾಣುವ ಲೋಕಗಳಲ್ಲಿ ಗೆದ್ದ ಹಾಡು ಭಾರಿಯಾಗಿ ಗೆದ್ದಿತು, ಸೋತದ್ದು ನೆಲಕಚ್ಚಿತು. ಜೊತೆಗೆ, ಒಂದು ಲೋಕದಲ್ಲಿ ಮೇಲೇರಿದ್ದು ಇನ್ನೊಂದರಲ್ಲಿ ಮೇಲೇರಲೇಬೇಕೆಂದೇನೂ ಇರಲಿಲ್ಲ. ಮೊದಲು ಬಂದ ಕೆಲವರ ಆಯ್ಕೆ ಹೇಗೆ ಬಿತ್ತೋ ಹಾಗೆ ಹಿಂದಿನವರು ಸಾಲುಗಟ್ಟಿದರು. ಆದರೂ ಇದರಿಂದ ‘ಗುಣವೆಂಬುದೇ ಇಲ್ಲ, ಎಲ್ಲ ಹಿಂಡಿನ ಆಟ’ ಎಂದು ತೀರ್ಮಾನಿಸುವವರು ಪ್ರಯೋಗದ ಅರ್ಧ ಫಲಿತಾಂಶವನ್ನು ಮಾತ್ರ ಓದಿರುತ್ತಾರೆ. ಒಂಟಿಯಾಗಿ ಕೇಳಿದವರು ತುಂಬ ಮೆಚ್ಚಿದ ಹಾಡುಗಳು ಯಾವ ಲೋಕದಲ್ಲೂ ತೀರ ಕೆಳಗೆ ಬಿದ್ದದ್ದು ಅಪರೂಪ. ಅವರು ತಿರಸ್ಕರಿಸಿದವು ಮೇಲೇರಿದ್ದೂ ಅಪರೂಪ. ನಡುವಿನ ಬಹುಪಾಲು ಹಾಡುಗಳಿಗೆ ಮಾತ್ರ ಏನು ಬೇಕಾದರೂ ಆಗಬಹುದಿತ್ತು. ಎಂದರೆ, 9 ಮತ್ತು 2ರ ನಡುವಿನ ವ್ಯತ್ಯಾಸದಲ್ಲಿ ಏನೋ ಹುರುಳಿದೆ. 7.4 ಮತ್ತು 6.8ರ ವ್ಯತ್ಯಾಸಕ್ಕಾಗಿ ಕೂದಲು ಕಿತ್ತುಕೊಳ್ಳುವುದು ಮಾತ್ರ ವ್ಯರ್ಥ. ದುರದೃಷ್ಟಕ್ಕೆ, ಜಗಳಗಳೆಲ್ಲ ನಡೆಯುವುದು ಅಲ್ಲಿಯೇ.

ಎಲ್ಲವನ್ನೂ ಕೇಳುತ್ತೇನೆ, ಅದೊಂದನ್ನು ಬಿಟ್ಟು

‘ನಾನು ಎಲ್ಲ ಬಗೆಯ ಸಂಗೀತವನ್ನೂ ಕೇಳುತ್ತೇನೆ’ ಎಂಬುದು ಇಂದಿನ ಸಭ್ಯ ಉತ್ತರ. ಒಂದು ಕಾಲಕ್ಕೆ ಅಭಿರುಚಿವಂತ ಎನಿಸಿಕೊಳ್ಳಲು ಶಾಸ್ತ್ರೀಯ ಸಂಗೀತವನ್ನು ಬಿಟ್ಟು ಉಳಿದದ್ದರ ಬಗ್ಗೆ ಮೂಗು ಮುರಿಯಬೇಕಿತ್ತು. ಪೀಟರ್ಸನ್ ಮತ್ತು ಕರ್ನ್ ಎಂಬ ಸಮಾಜಶಾಸ್ತ್ರಜ್ಞರು ಅಮೆರಿಕದ 1982 ಮತ್ತು 1992ರ ಸಮೀಕ್ಷೆಗಳನ್ನು ಹೋಲಿಸಿ 1996ರಲ್ಲಿ ಹೇಳಿದ್ದು, ಆ ಮೂಗು ಮುರಿಯುವಿಕೆ ಕರಗಿ ಅದರ ಜಾಗದಲ್ಲಿ ಸರ್ವಭಕ್ಷಕ ಅಭಿರುಚಿ ಬರುತ್ತಿದೆ ಎಂದು. ಅದೇ ವರ್ಷ ಬೆಥನಿ ಬ್ರೈಸನ್ ಇನ್ನೊಂದು ಕಡೆಯಿಂದ ನೋಡಿದರು: ಜನ ಏನನ್ನು ಮೆಚ್ಚುತ್ತಾರೆ ಎಂಬುದರ ಬದಲು ಏನನ್ನು ತಳ್ಳುತ್ತಾರೆ ಎಂದು. ಹೆಚ್ಚು ಓದಿದವರು ತಳ್ಳಿಹಾಕುವ ಪ್ರಕಾರಗಳು ಕಡಿಮೆ, ನಿಜ. ಆದರೆ ಅವರು ತಳ್ಳುವ ರ‍್ಯಾಪ್, ಹೆವಿ ಮೆಟಲ್, ಕಂಟ್ರಿ, ಗಾಸ್ಪೆಲ್‌ಗಳ ಕೇಳುಗರು ಸರಾಸರಿಯಲ್ಲಿ ಕಡಿಮೆ ಓದಿದವರಾಗಿದ್ದರು. ಉದಾರತೆಗೂ ಒಂದು ಗಡಿ ಇತ್ತು, ಆ ಗಡಿಯನ್ನು ಎಳೆದದ್ದು ಕೇವಲ ಸ್ವರಗಳಲ್ಲ.

ಈ ಗಡಿ ಬೀದಿಗೆ ಬಂದ ದಿನವೂ ಇದೆ. 1979ರ ಜುಲೈ 12ರಂದು ಚಿಕಾಗೋದ ಕೊಮಿಸ್ಕಿ ಪಾರ್ಕ್ ಬೇಸ್‌ಬಾಲ್ ಮೈದಾನದಲ್ಲಿ, ಎರಡು ಪಂದ್ಯಗಳ ನಡುವೆ, ರಾಶಿ ಹಾಕಿದ್ದ ಡಿಸ್ಕೊ ತಟ್ಟೆಗಳನ್ನು ಸಿಡಿಮದ್ದಿಟ್ಟು ಸ್ಫೋಟಿಸಲಾಯಿತು. ಸಾವಿರಾರು ಜನ ಮೈದಾನಕ್ಕೆ ನುಗ್ಗಿ ಎರಡನೆಯ ಪಂದ್ಯವೇ ನಡೆಯಲಿಲ್ಲ. ಡಿಸ್ಕೊ ಇಷ್ಟವಿಲ್ಲ ಎನ್ನುವುದು ಅಭಿಪ್ರಾಯ. ಆದರೆ ಆ ಸಂಗೀತ ಬೆಳೆದದ್ದು ಕಪ್ಪು ಜನರ, ಲ್ಯಾಟಿನೋಗಳ, ಸಲಿಂಗಿಗಳ ನೃತ್ಯಶಾಲೆಗಳಲ್ಲಿ ಎಂಬುದನ್ನು ನೆನೆದರೆ, ಅಲ್ಲಿ ಸಿಡಿದದ್ದು ಸಂಗೀತದ ಮೇಲಿನ ಸಿಟ್ಟು ಮಾತ್ರವೇ ಎಂದು ಅನೇಕರು ಕೇಳುತ್ತ ಬಂದಿದ್ದಾರೆ. ನಾನೂ ಅವರ ಸಾಲಿನವನೇ.

2004ರಲ್ಲಿ ವಿಮರ್ಶಕ ಕೆಲೆಫಾ ಸನ್ನೆ ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಬರೆದ ಲೇಖನವೊಂದು ಈ ವಾದಕ್ಕೆ ಹೊಸ ಬಿಸಿ ತಂದಿತು. ತಾನೇ ಬರೆದು, ಗಿಟಾರ್ ಹಿಡಿದು, ಬೆವರು ಸುರಿಸಿ ಹಾಡುವವನೇ ನಿಜವಾದ ಕಲಾವಿದ, ನಿರ್ಮಾಪಕರೊಂದಿಗೆ ಸ್ಟುಡಿಯೋದಲ್ಲಿ ಹಾಡು ಕಟ್ಟುವವಳು ಬರಿಯ ಸರಕು ಎಂಬ ಪೂರ್ವಗ್ರಹವನ್ನು ಅವರು ಬಯಲಿಗೆಳೆದು ತೋರಿಸಿದರು. ನಂತರದ ದಶಕದಲ್ಲಿ ವಿಮರ್ಶೆಯ ಗಾಳಿ ಪಾಪ್ ಕಡೆಗೆ ತಿರುಗಿತು. ಡಾಫ್ಟ್ ಪಂಕ್‌ನ 6.4 ಹತ್ತಾಗಿದ್ದರಲ್ಲಿ, ಲಿಜ್ ಫೇರ್‌ನ ಸೊನ್ನೆ ಆರಾಗಿದ್ದರಲ್ಲಿ ಈ ತಿರುವಿನ ಪಾಲು ದೊಡ್ಡದು ಎಂದು ನನಗನ್ನಿಸುತ್ತದೆ. ರಾಕ್‌ನಿಂದ ಪಾಪ್ ಕಡೆಗೆ ವಾಲಿದ್ದೇ ಫೇರ್ ಮಾಡಿದ ‘ಅಪರಾಧ’ವಾಗಿತ್ತು. ಈ ತಿದ್ದುಪಡಿ ನ್ಯಾಯವಾದದ್ದೇ. ಆದರೆ ಜನಪ್ರಿಯವಾದದ್ದನ್ನು ಟೀಕಿಸಿದರೆ ಸಾಕು, ಟೀಕಾಕಾರನಿಗೆ ಗರ್ವದ ಹಣೆಪಟ್ಟಿ ಅಂಟಿಸುವ ಚಟವೂ ಅದರ ಹಿಂದೆಯೇ ಬಂತು. ಹಿಂದೆ ಪಾಪ್ ಮೆಚ್ಚಲು ಧೈರ್ಯ ಬೇಕಿತ್ತು. ಈಗ ದೊಡ್ಡ ಪಾಪ್ ತಾರೆಯ ಆಲ್ಬಮ್ ಸಾಧಾರಣ ಎನ್ನಲು ಬೇಕು.

ಕಾವಲು ಪಡೆ

ಧೈರ್ಯ ಎಂಬುದು ಉತ್ಪ್ರೇಕ್ಷೆಯಲ್ಲ. 2024ರ ಏಪ್ರಿಲ್‌ನಲ್ಲಿ ಟೇಲರ್ ಸ್ವಿಫ್ಟ್‌ನ ಹೊಸ ಆಲ್ಬಮ್ ಬಗ್ಗೆ ಅಮೆರಿಕದ ಪೇಸ್ಟ್ ಪತ್ರಿಕೆ ಕಟುವಾದ ವಿಮರ್ಶೆಯನ್ನು ಪ್ರಕಟಿಸಿದಾಗ ಅದರಡಿ ಲೇಖಕರ ಹೆಸರಿರಲಿಲ್ಲ. 2019ರಲ್ಲಿ ಆಕೆಯದೇ ಆಲ್ಬಮ್ ವಿಮರ್ಶಿಸಿದವರಿಗೆ ಬೆದರಿಕೆಗಳು ಬಂದಿದ್ದವು, ಹಾಗಾಗಿ ಸುರಕ್ಷತೆಗಾಗಿ ಹೆಸರು ಬಿಟ್ಟಿದ್ದೇವೆ ಎಂದು ಪತ್ರಿಕೆ ವಿವರಣೆ ಕೊಟ್ಟಿತು. ಒಂದು ಆಲ್ಬಮ್ ಚೆನ್ನಾಗಿಲ್ಲ ಎನ್ನಲು ಹೆಸರು ಮರೆಸಬೇಕಾದ ಸ್ಥಿತಿ.

ಅಭಿಮಾನಿಗಳ ಆವೇಶ ಹೊಸದಲ್ಲ. 1966ರ ಮೇ ತಿಂಗಳಲ್ಲಿ ಮ್ಯಾಂಚೆಸ್ಟರ್‌ನ ಸಭಾಂಗಣದಲ್ಲಿ ಬಾಬ್ ಡಿಲನ್ ವಿದ್ಯುತ್ ಗಿಟಾರ್ ಹಿಡಿದು ನಿಂತಾಗ ಪ್ರೇಕ್ಷಕನೊಬ್ಬ, ಕ್ರಿಸ್ತನಿಗೆ ದ್ರೋಹ ಬಗೆದ ಶಿಷ್ಯನ ಹೆಸರು ಹಿಡಿದು, ‘ಜೂಡಾಸ್’ ಎಂದು ಕೂಗಿದ್ದ. ಆದರೆ ಆ ಕೂಗು ಎದ್ದದ್ದು ತನ್ನ ಕಲಾವಿದನ ವಿರುದ್ಧವೇ: ನೀನು ಹೀಗೆ ಮಾಡಬಾರದಿತ್ತು ಎಂದು. ಜಾನಪದ ಹಾಡಿಗೆ ಏನು ಬೇಕು, ಏನು ಬೇಡ ಎಂಬ ಬಗ್ಗೆ ಅವನಿಗೊಂದು ನಿಲುವಿತ್ತು, ಅದು ತಪ್ಪೋ ಸರಿಯೋ ಬೇರೆ ಮಾತು. ಈಗಿನ ಕಾವಲು ಪಡೆಯ ನೋಟ ಸಂಪೂರ್ಣ ಹೊರಮುಖ. ಕಲಾವಿದೆ ಏನು ಮಾಡಿದರೂ ಸರಿ, ಅಂಕ ಕಡಿಮೆ ಮಾಡುವವನೇ ವೈರಿ.

ಇದಕ್ಕೆ ಅಭಿಮಾನಿಗಳನ್ನಷ್ಟೇ ದೂರುವುದು ಸರಿಯಲ್ಲ. ಮಾರುಕಟ್ಟೆ ಅವರ ಕೈಗೆ ಲೆಕ್ಕದ ಪುಸ್ತಕವನ್ನೇ ಕೊಟ್ಟಿದೆ. ಅಮೆರಿಕದ ಬಿಲ್‌ಬೋರ್ಡ್ ಆಲ್ಬಮ್ ಪಟ್ಟಿ 2014ರ ಡಿಸೆಂಬರಿನಿಂದ ಸ್ಟ್ರೀಮಿಂಗ್ ಅನ್ನೂ ಎಣಿಸತೊಡಗಿತು. ಆಗ 1,500 ಕೇಳಿಕೆಗಳಿಗೆ ಒಂದು ಆಲ್ಬಮ್ ಮಾರಾಟ ಎಂಬ ಸಮೀಕರಣ ಬಂತು. ಅಲ್ಲಿಂದ ಮುಂದೆ ಕೇಳುವುದೂ ಒಂದು ಮತ. ನಿದ್ದೆ ಮಾಡುವಾಗಲೂ ಧ್ವನಿ ಇಳಿಸಿ ಆಲ್ಬಮ್ ಹಚ್ಚಿಡುವ ಅಭಿಮಾನಿಗಳಿದ್ದಾರೆ. ಕೊರಿಯಾದ ಪಾಪ್ ತಂಡಗಳ ಆಲ್ಬಮ್‌ಗಳು ಹಲವು ಹೊದಿಕೆಗಳಲ್ಲಿ, ಒಳಗೆ ಬೇರೆ ಬೇರೆ ಸದಸ್ಯರ ಚಿತ್ರಗಳೊಂದಿಗೆ ಬರುತ್ತವೆ; ಬೇಕಾದ ಚಿತ್ರ ಸಿಗುವವರೆಗೆ ಅದೇ ಸಂಗೀತವನ್ನು ಮತ್ತೆ ಮತ್ತೆ ಕೊಳ್ಳುತ್ತಾರೆ. ಹೀಗೆ ಕೇಳಿದ, ಕೊಂಡ ಸಂಖ್ಯೆ ನಿಷ್ಠೆಯ ಬಗ್ಗೆ ಬಹಳ ಹೇಳುತ್ತದೆ, ಸಂಗೀತದ ಬಗ್ಗೆ ಬಹುತೇಕ ಏನನ್ನೂ ಹೇಳುವುದಿಲ್ಲ.

ಕಿವಿಗೊಟ್ಟವರು

ಇಷ್ಟೆಲ್ಲ ಹೇಳಿದ ಮೇಲೂ, ಒಂದು ಆಲ್ಬಮ್ ಬಗ್ಗೆ ನಿಜವಾಗಿ ತಿಳಿಯಬೇಕೆಂದರೆ ನಾನು ಹೋಗುವುದು ಅಭಿಮಾನಿಗಳ ಬಳಿಗೇ. ವಿಮರ್ಶಕನಿಗೆ ಗಡುವು ಇರುತ್ತದೆ, ಮರುದಿನ ಇನ್ನೊಂದು ಆಲ್ಬಮ್ ಕಾದಿರುತ್ತದೆ. ಮೆಟಲ್ ಸಂಗೀತದ ತಾಯಿಬೇರು ಎಂದು ಈಗ ಎಲ್ಲರೂ ಒಪ್ಪುವ ಬ್ಲ್ಯಾಕ್ ಸಬ್ಬತ್‌ನ ಮೊದಲ ಆಲ್ಬಮ್ ಅನ್ನು 1970ರಲ್ಲಿ ರೋಲಿಂಗ್ ಸ್ಟೋನ್ ಹೀಗಳೆದಿತ್ತು. ಅದನ್ನು ಉಳಿಸಿದವರು ಕೇಳುತ್ತಲೇ ಹೋದವರು.

2008ರ ಸೆಪ್ಟೆಂಬರಿನಲ್ಲಿ ಮೆಟಾಲಿಕಾ ತಂಡದ ‘ಡೆತ್ ಮ್ಯಾಗ್ನೆಟಿಕ್’ ಬಂದಾಗ ನಡೆದದ್ದು ಇನ್ನೂ ಸ್ವಾರಸ್ಯಕರ. ಹಾಡುಗಳು ಪರವಾಗಿಲ್ಲ, ಆದರೆ ಕೇಳುತ್ತ ಕೇಳುತ್ತ ಕಿವಿ ದಣಿಯುತ್ತದೆ ಎಂದು ಅಭಿಮಾನಿಗಳು ಗೊಣಗತೊಡಗಿದರು. ಅದೇ ಹಾಡುಗಳು ಗಿಟಾರ್ ಹೀರೋ ಎಂಬ ವಿಡಿಯೊ ಆಟದಲ್ಲೂ ಬಂದಿದ್ದವು. ಆಟದ ಆವೃತ್ತಿ ಹೆಚ್ಚು ತಿಳಿಯಾಗಿದೆ ಎಂದು ಕೆಲವರ ಕಿವಿಗೆ ಹೊಳೆಯಿತು. ಎರಡರ ಧ್ವನಿತರಂಗಗಳ ಚಿತ್ರಗಳನ್ನು ಪಕ್ಕಪಕ್ಕ ಇಟ್ಟು ನೋಡಿದರು: ಆಟದ ಆವೃತ್ತಿಯಲ್ಲಿ ಏರಿಳಿತಗಳಿದ್ದವು, ಸಿ.ಡಿ.ಯಲ್ಲಿ ಎಲ್ಲವೂ ಗರಿಷ್ಠ ಮಟ್ಟಕ್ಕೆ ಒತ್ತಿ, ತುದಿ ಕತ್ತರಿಸಿದ ಗೋಡೆಯಂತೆ ನಿಂತಿತ್ತು. ಎಲ್ಲ ಧ್ವನಿಯನ್ನೂ ಜೋರು ಮಾಡಿ ಪೈಪೋಟಿಗಿಳಿಯುವ ಉದ್ಯಮದ ಚಟದ ಬಗ್ಗೆ ತಂತ್ರಜ್ಞರು ವರ್ಷಗಳಿಂದ ಹೇಳುತ್ತಿದ್ದರು. ಸಾಮಾನ್ಯ ಜನ ಅದನ್ನು ಗುರುತಿಸುವಂತಾದದ್ದು ಈ ಪ್ರಸಂಗದಿಂದ. ಮತ್ತೆ ಹದಗೊಳಿಸಿ ಕೊಡಿ ಎಂಬ ಮನವಿಗೆ ಸಾವಿರಾರು ಸಹಿ ಬಿದ್ದವು. ಅಂತಿಮ ಹಂತದ ತಂತ್ರಜ್ಞ ಟೆಡ್ ಜೆನ್ಸನ್ ಕೂಡ ತನ್ನ ಕೈಗೆ ಬರುವ ಮೊದಲೇ ಧ್ವನಿಯನ್ನು ಹಾಗೆ ಒತ್ತಲಾಗಿತ್ತು ಎಂದು ಒಪ್ಪಿಕೊಂಡರು. ಈ ಅಭಿಪ್ರಾಯದಲ್ಲಿ ಅಂಕವಿರಲಿಲ್ಲ. ‘ಈ ಹಾಡಿನ ಈ ಭಾಗವನ್ನು ಇಲ್ಲಿ ಕೇಳಿ, ಆಮೇಲೆ ಅಲ್ಲಿ ಕೇಳಿ’ ಎಂಬ ಸೂಚನೆಯಿತ್ತು. ಮೆಟಾಲಿಕಾವನ್ನು ದ್ವೇಷಿಸುವವನೂ ಅದನ್ನು ಪರೀಕ್ಷಿಸಿ ನೋಡಬಹುದಿತ್ತು.

ಇನ್ನೊಂದು ಪ್ರಸಂಗ ಹಿಪ್‌ಹಾಪ್‌ನದು. ಕೆಂಡ್ರಿಕ್ ಲಮಾರ್‌ನ ‘ಡ್ಯಾಮ್’ 2017ರ ಏಪ್ರಿಲ್‌ನಲ್ಲಿ ಬಂತು. ಮರುವರ್ಷ ಅದಕ್ಕೆ ಸಂಗೀತದ ಪುಲಿಟ್ಜರ್ ಸಿಕ್ಕಿತು, ಶಾಸ್ತ್ರೀಯ ಮತ್ತು ಜಾಝ್ ಸಂಗೀತದ ಹೊರಗೆ ಆ ಪ್ರಶಸ್ತಿ ಹೋದದ್ದು ಅದೇ ಮೊದಲು. ಕೊನೆಯ ಹಾಡಿನ ಅಂತ್ಯದಲ್ಲಿ ಇಡೀ ಆಲ್ಬಮ್ ಹಿಮ್ಮುಖವಾಗಿ ಸುತ್ತಿದಂಥ ಸದ್ದೊಂದು ಕೇಳಿ ಮೊದಲ ಹಾಡಿನ ಆರಂಭಕ್ಕೇ ಬಂದು ನಿಲ್ಲುತ್ತದೆ. ಆ ಸದ್ದಿನ ಜಾಡು ಹಿಡಿದ ಕೇಳುಗರು ಹಾಡುಗಳನ್ನು ಕೊನೆಯಿಂದ ಮೊದಲಿಗೆ ಹಾಕಿ ಕೇಳಿದರು. ಕಥೆ ಬೇರೆಯಾಗಿತ್ತು, ಒಂದು ದಿಕ್ಕಿನಲ್ಲಿ ಸಾವಿನ ಕಡೆಗೆ ಸಾಗುವ ಬದುಕು ಇನ್ನೊಂದು ದಿಕ್ಕಿನಲ್ಲಿ ಸಾವಿನಿಂದ ತಪ್ಪಿಸಿಕೊಂಡಿತ್ತು. ಹಾಗೆ ಕೇಳಬಹುದೆಂದು ಲಮಾರ್ ಕೂಡ ಹೇಳಿದ. ಡಿಸೆಂಬರಿನಲ್ಲಿ ಹಾಡುಗಳ ಕ್ರಮವನ್ನು ಪೂರ್ತಿ ತಿರುಗಿಸಿದ ವಿಶೇಷ ಆವೃತ್ತಿಯೇ ಹೊರಬಂತು. ಏಪ್ರಿಲ್‌ನ ಆ ಮೊದಲ ರಾತ್ರಿ ಅಂಕ ಬರೆದು ಮುಂದಿನ ಆಲ್ಬಮ್‌ಗೆ ಹೋದವರು ಕೇಳಿದ್ದು ಒಂದು ದಿಕ್ಕನ್ನು ಮಾತ್ರ.